ಹೊಸ ಯಂತ್ರದ ದೋಷ: ರುಜುವಾತಿನ ಹೊರೆ ಯಾರ ಮೇಲೆ?

ಸಂಪಾದಕರಿಗೆ,

ಮಾನ್ಯರೇ,

ಹೊಸದಾಗಿ ಕೊಂಡ ಫ್ರಿಜ್ ಅಥವಾ ವಾಷಿಂಗ್ ಮಷೀನ್ ಮೊದಲ ದಿನವೇ ಪೂರ್ತಿ ಕೆಟ್ಟು ನಿಂತರೆ ಕೊಂಡವರಿಗೆ ಅಷ್ಟಾಗಿ ತೊಂದರೆಯಾಗುವುದಿಲ್ಲ. ದೋಷ ಎಲ್ಲರ ಕಣ್ಣೆದುರಿಗೇ ಇರುವುದರಿಂದ ಮಾರಿದವರೂ ಹೆಚ್ಚು ವಾದಿಸುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದು ಯಂತ್ರ ನಡೆಯುತ್ತಲೇ ಇದ್ದು, ಅದು ನಡೆಯಬೇಕಾದಂತೆ ನಡೆಯುತ್ತಿಲ್ಲ ಎಂಬುದು ದಿನವೂ ಅದನ್ನು ಬಳಸುವ ಮನೆಯವರಿಗೆ ಮಾತ್ರ ಗೊತ್ತಾಗುವಾಗ. ಅಂಥ ಹೊತ್ತಿನಲ್ಲಿ ಯಂತ್ರದಲ್ಲಿ ದೋಷವಿದೆಯೆಂದು ಕೊಂಡವರು ತೋರಿಸಬೇಕೋ, ದೋಷವಿಲ್ಲವೆಂದು ಮಾರಿದವರು ತೋರಿಸಬೇಕೋ ಎಂಬ ಒಂದೇ ಪ್ರಶ್ನೆಯ ಮೇಲೆ ಗ್ರಾಹಕರ ಉಳಿದೆಲ್ಲ ಹಕ್ಕುಗಳೂ ನಿಂತಿವೆ. ಆ ಪ್ರಶ್ನೆಗೆ ನಮ್ಮ ಕಾನೂನು ಗ್ರಾಹಕರ ಪರವಾಗಿ ಉತ್ತರಿಸಿಲ್ಲ. ಈ ಪತ್ರ ಅದರ ಬಗ್ಗೆ.

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಮನೆಗೆ ಹೊಸ ಫ್ರಿಜ್ ಬಂದು ಹದಿನೈದು ದಿನವೂ ಆಗಿರಲಿಲ್ಲ. ಮೇಲಿನ ಫ್ರೀಜರ್‌ನಲ್ಲಿ ಐಸ್ ಚೆನ್ನಾಗಿಯೇ ಕಟ್ಟುತ್ತಿತ್ತು, ಆದರೆ ಕೆಳಗಿನ ಭಾಗದಲ್ಲಿ ತಂಪೇ ಇರುತ್ತಿರಲಿಲ್ಲ. ಆ ಭಾಗದಲ್ಲಿ ನನ್ನ ತಾಯಿಯವರ ಇನ್ಸುಲಿನ್ ಇತ್ತು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಅನುಮಾನ ಬಂದು ಥರ್ಮಾಮೀಟರ್ ಇಟ್ಟು ನೋಡಿದರೆ 13 ಡಿಗ್ರಿ ತೋರಿಸಿತು. ಕಂಪನಿಯ ದೂರವಾಣಿಗೆ ಕರೆ ಮಾಡಿದಾಗ, ದೂರು ದಾಖಲಿಸಿಕೊಳ್ಳುವ ಮೊದಲು ಫ್ರಿಜ್ಜಿನ ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು, ಕೆಲವು ಗಂಟೆಗಳ ನಂತರ ಮತ್ತೆ ಚಾಲೂ ಮಾಡಿ ನೋಡುವಂತೆ ಹೇಳಿದರು. ಹಾಗೆಯೇ ಮಾಡಿದೆವು. ಫ್ರಿಜ್ ಸರಿಯಾಯಿತು. ಎರಡು ದಿನ ಬಿಟ್ಟು ಬಂದ ಮೆಕ್ಯಾನಿಕ್ ಪರೀಕ್ಷಿಸಿ, ಯಂತ್ರ ಸರಿಯಾಗಿದೆ ಎಂದು ಜಾಬ್ ಶೀಟ್‌ನಲ್ಲಿ ಬರೆದು ನನ್ನಿಂದ ಸಹಿ ಹಾಕಿಸಿಕೊಂಡು ಹೋದರು. ವಾರದೊಳಗೆ ಮತ್ತೆ ಅದೇ ತೊಂದರೆ, ಮತ್ತೆ ಅದೇ ಸಲಹೆ, ಮತ್ತೆ ಅದೇ ಬರಹ, ಮತ್ತೆ ನನ್ನದೇ ಸಹಿ.

ಮೂರನೆಯ ಬಾರಿ ನಾನು ಪ್ಲಗ್ ತೆಗೆಯಲು ಒಪ್ಪಲಿಲ್ಲ. ಬಂದವರು ಅನುಭವಸ್ಥರು. ಫ್ರೀಜರ್‌ನ ಹಿಂಬದಿಯ ಫಲಕವನ್ನು ಬಿಚ್ಚಿ ನೋಡಿದಾಗ ಒಳಗೆ ತಂಪು ಕೊಡುವ ಕಾಯಿಲ್ ಪೂರ್ತಿ ಮಂಜುಗಡ್ಡೆಯಲ್ಲಿ ಹೂತುಹೋಗಿತ್ತು. ಕಾಯಿಲ್‌ನ ಮೇಲೆ ಕಟ್ಟುವ ಹಿಮವನ್ನು ಆಗಾಗ ಕರಗಿಸಬೇಕಾದ ಹೀಟರ್ ಅನ್ನು ನಿಯಂತ್ರಿಸುವ ಸೆನ್ಸರ್ ಕೆಲಸ ಮಾಡುತ್ತಿರಲಿಲ್ಲ. ಅದರಿಂದ ಕಾಯಿಲ್‌ನ ಸುತ್ತ ಗಡ್ಡೆ ಬೆಳೆದು, ತಣ್ಣನೆಯ ಗಾಳಿ ಕೆಳಭಾಗಕ್ಕೆ ಇಳಿಯುವ ದಾರಿಯೇ ಮುಚ್ಚಿಹೋಗಿತ್ತು. ಪ್ಲಗ್ ತೆಗೆದಾಗಲೆಲ್ಲ ಗಡ್ಡೆ ಕರಗಿ ದಾರಿ ತೆರೆಯುತ್ತಿತ್ತು, ಕೆಲವು ದಿನಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಂದರೆ ದೂರವಾಣಿಯಲ್ಲಿ ಕೊಟ್ಟ ಸಲಹೆಯೇ ಪ್ರತಿಸಲವೂ ದೋಷದ ಸಾಕ್ಷ್ಯವನ್ನು ಅಳಿಸಿಹಾಕುತ್ತಿತ್ತು. ಅವರು ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಫ್ರಿಜ್ ಬದಲಿಸಿ ಕೊಡಿ ಎಂದು ಕೇಳಿದಾಗ ಬಂದ ಉತ್ತರ ಮಾತ್ರ ನನ್ನನ್ನು ಈ ಪತ್ರ ಬರೆಯುವಂತೆ ಮಾಡಿತು: ಮೊದಲೆರಡು ಭೇಟಿಗಳಲ್ಲಿ ದೋಷ ಕಂಡುಬಂದಿಲ್ಲವೆಂಬುದಕ್ಕೆ ನಿಮ್ಮ ಸಹಿಯೇ ಇದೆ, ಆದ್ದರಿಂದ ಇದು ಬಳಕೆಯ ಅವಧಿಯಲ್ಲಿ ಹುಟ್ಟಿದ ದೋಷ, ಬಿಡಿಭಾಗವನ್ನು ಬದಲಿಸಿ ಕೊಡಬಹುದೇ ಹೊರತು ಫ್ರಿಜ್ಜನ್ನಲ್ಲ.

ನಮ್ಮ ಕಾನೂನು ದುರ್ಬಲವಾದುದೇನೂ ಅಲ್ಲ ಎಂಬುದನ್ನು ಮೊದಲು ಹೇಳಬೇಕು. 1986ರ ಕಾಯ್ದೆಯ ಜಾಗದಲ್ಲಿ ಬಂದು, 2020ರ ಜುಲೈ 20ರಿಂದ ಜಾರಿಯಾಗತೊಡಗಿದ ಗ್ರಾಹಕ ಸಂರಕ್ಷಣಾ ಕಾಯ್ದೆ 2019, ದೋಷ ಎಂಬ ಪದಕ್ಕೆ ಬಹಳ ವಿಶಾಲವಾದ ಅರ್ಥ ಕೊಟ್ಟಿದೆ. ಕಾನೂನು ವಿಧಿಸಿದ ಗುಣಮಟ್ಟಕ್ಕಾಗಲಿ, ಕರಾರಿನಲ್ಲಿ ಹೇಳಿದ ಅಥವಾ ಹೇಳದೆಯೂ ಅಡಗಿರುವ ಗುಣಮಟ್ಟಕ್ಕಾಗಲಿ, ವ್ಯಾಪಾರಿ ತಾನೇ ಹೇಳಿಕೊಂಡ ಗುಣಮಟ್ಟಕ್ಕಾಗಲಿ ಸರಕು ಕಡಿಮೆ ಬಿದ್ದರೆ ಅದು ದೋಷವೇ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಗ್ರಾಹಕರ ದೂರುಗಳನ್ನು ವಿಚಾರಿಸುವ ಜಿಲ್ಲಾ ಆಯೋಗವು ದೋಷವನ್ನು ಸರಿಪಡಿಸಲು, ಬದಲಿ ಕೊಡಲು, ಹಣವನ್ನು ಬಡ್ಡಿಯೊಂದಿಗೆ ಹಿಂದಿರುಗಿಸಲು ಆದೇಶಿಸಬಹುದು. ದೂರನ್ನು ಈಗ ನಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಆಯೋಗದಲ್ಲೇ ಕೊಡಬಹುದು, ಮನೆಯಿಂದಲೇ ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಸರಕಿನ ದೂರಿಗೆ ಶುಲ್ಕವೂ ಇಲ್ಲ, ಮನೆಬಳಕೆಯ ಸಾಮಾನುಗಳೆಲ್ಲ ಹೆಚ್ಚುಕಡಿಮೆ ಅದರೊಳಗೇ ಬರುತ್ತವೆ. ಇಷ್ಟೆಲ್ಲ ಇದ್ದೂ ನನ್ನಂಥವರು ಬಿಡಿಭಾಗ ಹಾಕಿಸಿಕೊಂಡು ಸುಮ್ಮನಾಗುತ್ತಾರೆ.

ಏಕೆಂದರೆ ಈ ಹಕ್ಕುಗಳೆಲ್ಲ ಜೀವ ತಳೆಯುವುದು ದೋಷವಿದೆಯೆಂದು ತೀರ್ಮಾನವಾದ ಮೇಲೆ. ಸಾಮಾನ್ಯ ತಪಾಸಣೆಯಿಂದ ಗೊತ್ತಾಗದ ದೋಷವಾದರೆ ಸರಕನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ. ಪ್ರಯೋಗಾಲಯ ವರದಿ ಕೊಡಲು 45 ದಿನ, ಬೇಕಿದ್ದರೆ ಇನ್ನಷ್ಟು ಕಾಲ ವಿಸ್ತರಣೆ. ಪರೀಕ್ಷೆಯ ಶುಲ್ಕವನ್ನು ಮುಂಗಡವಾಗಿ ಕಟ್ಟುವಂತೆ ಆಯೋಗವು ದೂರುದಾರರಿಗೇ ಹೇಳಬಹುದು. ಪರೀಕ್ಷೆ ಬೇಕಾಗದ ದೂರುಗಳನ್ನು ಮೂರು ತಿಂಗಳಲ್ಲಿ, ಬೇಕಾಗುವ ದೂರುಗಳನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂಬ ಮಾತೂ ಅಲ್ಲಿದೆ. ಆದರೆ ದಿನವೂ ಬಳಸಬೇಕಾದ ಫ್ರಿಜ್ಜನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಒಪ್ಪಿಸಿ, ಅಲ್ಲಿಯವರೆಗೆ ಬೇರೆ ದಾರಿ ನೋಡಿಕೊಂಡು, ಶುಲ್ಕವನ್ನೂ ಕೈಯಿಂದ ಕಟ್ಟಿ ಕಾಯುವುದು ಎಷ್ಟು ಮನೆಗಳಿಗೆ ಸಾಧ್ಯ? ನಮ್ಮ ಫ್ರಿಜ್ಜನ್ನು ಹಾಗೆ ಕಳುಹಿಸಿದ್ದರೆ ಸಾಗಿಸುವಾಗಲೇ ಗಡ್ಡೆ ಕರಗಿ, ಅಲ್ಲಿಗೆ ತಲುಪಿದ ದಿನ ಅದು ಸರಿಯಾಗಿಯೇ ನಡೆಯುತ್ತಿತ್ತೇನೋ. ಒಮ್ಮೆ ಬಂದು ಒಮ್ಮೆ ಮರೆಯಾಗುವ ದೋಷಗಳ ಸ್ವಭಾವವೇ ಹೀಗೆ, ಹೊಸ ಯಂತ್ರಗಳ ಬಗ್ಗೆ ಬರುವ ಜಗಳಗಳು ಹೆಚ್ಚಾಗಿ ಹುಟ್ಟುವುದೂ ಇಂಥ ದೋಷಗಳಿಂದಲೇ ಎಂದು ನನಗನಿಸುತ್ತದೆ.

ಬೇರೆ ದೇಶಗಳು ಈ ಗಂಟನ್ನು ಬಿಚ್ಚಿರುವ ಬಗೆ ಬಹಳ ಸರಳವಾಗಿದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಕೊಂಡ ಆರು ತಿಂಗಳೊಳಗೆ ದೋಷ ಕಾಣಿಸಿಕೊಂಡು ಗ್ರಾಹಕರು ರಿಪೇರಿ, ಬದಲಿ ಅಥವಾ ನಂತರದ ಹಂತದ ಪರಿಹಾರ ಕೇಳಿದರೆ, ಆ ದೋಷ ಸರಕು ಕೈಗೆ ಬಂದ ದಿನವೇ ಇತ್ತೆಂದು ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಮಾರಿದವರದು. ಮೊದಲ 30 ದಿನಗಳಲ್ಲಿ ದೋಷವಿರುವ ಸರಕನ್ನು ನೇರವಾಗಿ ಹಿಂದಿರುಗಿಸುವ ಹಕ್ಕೂ ಅಲ್ಲಿ ಪ್ರತ್ಯೇಕವಾಗಿದೆ. ಒಮ್ಮೆ ರಿಪೇರಿ ಮಾಡಿಯೂ ಅಥವಾ ಬದಲಿಸಿಯೂ ಸರಿಯಾಗದಿದ್ದರೆ ಬೆಲೆ ಇಳಿಸಿಕೊಳ್ಳುವಂತೆ ಕೇಳಬಹುದು, ಇಲ್ಲವೇ ಸರಕನ್ನು ತಿರಸ್ಕರಿಸಬಹುದು. ಮತ್ತೆ ಮತ್ತೆ ರಿಪೇರಿಗೆ ಬಂದುಹೋಗುವ ಸರಣಿಗೆ ಅಲ್ಲಿ ಹೀಗೆ ಕೊನೆ ಇಟ್ಟಿದ್ದಾರೆ. ಐರೋಪ್ಯ ಒಕ್ಕೂಟದಲ್ಲಿ 1999ರ ನಿರ್ದೇಶನದಲ್ಲಿ ಆರು ತಿಂಗಳಿದ್ದ, ದೋಷ ಮೊದಲೇ ಇತ್ತೆಂದು ಭಾವಿಸುವ ಈ ಅವಧಿಯನ್ನು 2019ರ ನಿರ್ದೇಶನ ಒಂದು ವರ್ಷಕ್ಕೆ ಏರಿಸಿತು. ಬೇಕಾದರೆ ಸದಸ್ಯ ದೇಶಗಳು ಅದನ್ನು ಎರಡು ವರ್ಷಕ್ಕೂ ವಿಸ್ತರಿಸಿಕೊಳ್ಳಬಹುದು. ಮಾರಾಟಗಾರರೇ ಬಂದು ಜೋಡಿಸಿಕೊಟ್ಟಾಗ ಜೋಡಣೆ ತಪ್ಪಿದ್ದರೆ ಅದನ್ನೂ ಆ ನಿರ್ದೇಶನ ಸರಕಿನ ಕೊರತೆಯೆಂದೇ ಎಣಿಸುತ್ತದೆ.

ಈ ಕೊನೆಯ ಮಾತಿಗೆ ನಮ್ಮಲ್ಲಿ ಹೆಚ್ಚು ಬೆಲೆ ಬರಬೇಕು. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿನ ಡ್ರಮ್ ಸಾಗಣೆಯಲ್ಲಿ ಅಲುಗಾಡದಂತೆ ಹಿಂಬದಿಯಲ್ಲಿ ಬೋಲ್ಟ್ ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಯಂತ್ರ ವಿಪರೀತ ನಡುಗುತ್ತದೆ, ಒಳಗೆ ಹಾನಿಯೂ ಆಗಬಹುದು. ಕಂಪನಿಯಿಂದ ಬಂದವರೇ ಜೋಡಿಸಿ ಹೋಗಿದ್ದು, ಬೋಲ್ಟ್ ಹಾಗೇ ಉಳಿದಿದ್ದರೆ ಅದನ್ನು ಬಳಕೆದಾರರ ತಪ್ಪು ಎನ್ನುವುದು ಯಾವ ನ್ಯಾಯ?

ಹೊರೆಯನ್ನು ಮಾರುವವರ ಮೇಲೆ ಹಾಕಿದರೆ ಯಂತ್ರವನ್ನು ಹಾಳುಗೆಡವಿದವರೂ ಹೊಸದನ್ನು ಕೇಳಿಕೊಂಡು ಬರುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಈ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಆದರೆ ನಾನು ಕೇಳುತ್ತಿರುವುದು ಬದಲಾಯಿಸಲಾಗದ ತೀರ್ಪನ್ನಲ್ಲ, ಸಾಕ್ಷ್ಯ ತೋರಿಸಿ ಅಲ್ಲಗಳೆಯಬಹುದಾದ ಒಂದು ಆರಂಭದ ಊಹೆಯನ್ನು. ಯಂತ್ರದ ನಕ್ಷೆ, ಕಾರ್ಖಾನೆಯ ತಪಾಸಣೆಯ ದಾಖಲೆ, ಅದೇ ಮಾದರಿಯ ಬಗ್ಗೆ ಬಂದ ಇತರ ದೂರುಗಳು, ಪರೀಕ್ಷಿಸುವ ಉಪಕರಣ ಮತ್ತು ಪರಿಣತರು, ಎಲ್ಲವೂ ಇರುವುದು ತಯಾರಕರ ಬಳಿ. ನೀರು ಸೋರಿ ಸುಟ್ಟ ಬೋರ್ಡನ್ನು, ಬಿದ್ದು ಬಗ್ಗಿದ ತಗಡನ್ನು ಅವರ ಮೆಕ್ಯಾನಿಕ್ ನೋಡಿದೊಡನೆ ಗುರುತಿಸಬಲ್ಲರು. ಒಬ್ಬರ ವಿಶೇಷ ತಿಳಿವಿನಲ್ಲಿರುವ ಸಂಗತಿಯನ್ನು ಅವರೇ ರುಜುವಾತುಪಡಿಸಬೇಕೆಂಬುದು ನಮ್ಮ ಸಾಕ್ಷ್ಯ ಕಾನೂನಿಗೂ ಹೊಸ ತತ್ವವಲ್ಲ. ಬಿಲ್ಲು ಮತ್ತು ಜಾಬ್ ಶೀಟ್ ಬಿಟ್ಟರೆ ಬೇರೇನೂ ಕೈಯಲ್ಲಿಲ್ಲದ ಗ್ರಾಹಕರ ಮೇಲೆ ಆ ಭಾರವನ್ನು ಹೊರಿಸಿರುವುದೇ ವಿಚಿತ್ರ.

ಆದ್ದರಿಂದ ಕಾಯ್ದೆಗೆ ಒಂದು ತಿದ್ದುಪಡಿ ಬೇಕು: ಮನೆಬಳಕೆಯ ಉಪಕರಣದಲ್ಲಿ ಮೊದಲ ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷವು ಮಾರಾಟದ ದಿನವೇ ಇತ್ತೆಂದು ಭಾವಿಸಬೇಕು, ಆ ಅವಧಿಯ ದೂರಿನಲ್ಲಿ ಪ್ರಯೋಗಾಲಯದ ಶುಲ್ಕವನ್ನು ಎದುರು ಪಕ್ಷದವರು ಮೊದಲು ಕಟ್ಟಬೇಕು. ತಿದ್ದುಪಡಿಗೆ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಸಂಬಂಧಪಟ್ಟ ಇಲಾಖೆಯು ಜಾಬ್ ಶೀಟ್‌ಗೊಂದು ಕಡ್ಡಾಯ ನಮೂನೆ ಗೊತ್ತುಪಡಿಸಲಿ. ಅದರಲ್ಲಿ ಗ್ರಾಹಕರು ಹೇಳಿದ ತೊಂದರೆ ಅವರ ಮಾತಿನಲ್ಲೇ, ಅವರು ಓದಬಲ್ಲ ಭಾಷೆಯಲ್ಲಿ ದಾಖಲಾಗಲಿ. ಮೆಕ್ಯಾನಿಕ್ ಏನನ್ನು ಬಿಚ್ಚಿ ನೋಡಿದರು, ಏನನ್ನು ನೋಡಲಿಲ್ಲ ಎಂಬುದೂ ಬರಲಿ. ಭೇಟಿಗೆ ಮುಂಚೆ ದೂರವಾಣಿಯಲ್ಲಿ ಕೊಟ್ಟ ಸಲಹೆಯೂ ನಮೂದಾಗಲಿ, ಅದರ ಒಂದು ಪ್ರತಿ ಗ್ರಾಹಕರಿಗೆ ಸಿಗಲಿ.

ಈಗಲೇ ಇಂಥ ತೊಂದರೆಯಲ್ಲಿರುವ ಓದುಗರಿಗೆ ನನ್ನ ವಿನಂತಿ ಇಷ್ಟು. ದೋಷ ಕಂಡ ಹೊತ್ತಿನಲ್ಲೇ ದಿನಾಂಕ ಗೊತ್ತಾಗುವಂತೆ ಫೋಟೋ ಅಥವಾ ವಿಡಿಯೋ ತೆಗೆದಿಡಿ. ಕರೆ ಮಾಡಿ ಹೇಳಿದ್ದನ್ನು ಅದೇ ದಿನ ಇಮೇಲ್‌ನಲ್ಲೂ ಬರೆಯಿರಿ, ಮಾರಿದವರಿಗೂ ತಯಾರಕರಿಗೂ ಕಳುಹಿಸಿ. ಕಂಪನಿಯಿಂದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಗಡುವಿದೆ, ವಾರಂಟಿಯ ಒಂದು ವರ್ಷ ಮುಗಿಯಿತೆಂದು ಕೈಬಿಡಬೇಡಿ. ಮತ್ತು ಯಂತ್ರ ಸರಿಯಾಗಿದೆ ಎಂದು ಬರೆದ ಜಾಬ್ ಶೀಟ್‌ಗೆ ಸಹಿ ಹಾಕುವ ಮೊದಲು, ನಾನು ಎರಡು ಸಲವೂ ಬರೆಯದೆ ಬಿಟ್ಟ ಈ ಒಂದು ಸಾಲನ್ನು ನಿಮ್ಮ ಕೈಯಾರೆ ಬರೆಯಿರಿ: ‘ಭೇಟಿಯ ವೇಳೆಯಲ್ಲಿ ದೋಷ ಕಾಣಿಸಲಿಲ್ಲ, ದೂರು ಹಾಗೆಯೇ ಉಳಿದಿದೆ.’

ಇತಿ,
ತಮ್ಮ ಓದುಗ