ಹಣ ಹೇಗಾದರೂ ಕೂಡೀತು, ಜನ?

ಆತ್ಮೀಯ ಓದುಗರೇ,

ಈ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಲೇಬೇಕು. ದೀಪಾವಳಿಗೆಂದು ಕಾದಿರಿಸಿದ್ದ ಈ ಪುಟವನ್ನು ಸ್ಕಾಟ್ಲೆಂಡಿನ ನಮ್ಮ ಕನ್ನಡ ಕೂಟ ವರ್ಷವರ್ಷವೂ ದೀಪಾವಳಿ ಆಚರಿಸುವ ಸಭಾಂಗಣದ ಒಡೆಯರಿಗೆ, ಅಂದರೆ ನಮ್ಮ ಊರಿನ ರಗ್ಬಿ ಕ್ಲಬ್ಬಿಗೆ ಬಿಟ್ಟುಕೊಡುತ್ತಿದ್ದೇನೆ. ಹಬ್ಬದ ಶುಭಾಶಯಗಳನ್ನು ಕೂಟದ ಅಧ್ಯಕ್ಷರು ಮುಂದಿನ ಪುಟದಲ್ಲಿ ಹೇಳಿದ್ದಾರೆ.

ಕಳೆದ ಭಾನುವಾರ ಕೆಸರು ಮೆತ್ತಿದ ಕಾಲುಚೀಲದಲ್ಲೇ ಕನ್ನಡ ತರಗತಿಗೆ ಬಂದ ನಮ್ಮ ಕೂಟದ ಹುಡುಗಿಯೊಬ್ಬಳು, ಕಾಗುಣಿತದ ಪುಸ್ತಕವನ್ನು ಬದಿಗಿಟ್ಟು, “ಇವತ್ತು ನಮ್ಮ ತಂಡಕ್ಕೆ ಜನ ಸಾಲಲಿಲ್ಲ, ಎದುರಿನವರೇ ತಮ್ಮ ಮೂವರನ್ನು ಕೊಟ್ಟರು, ಕೊನೆಯ ಟ್ರೈ ಹೊಡೆದು ಅಂಕ ತಂದದ್ದು ಅವರಲ್ಲಿ ಒಬ್ಬ, ಹಾಗಾದರೆ ಗೆದ್ದದ್ದು ಯಾರು?” ಎಂದು ಕೇಳಿದಳು. ಕಲಿಸುತ್ತಿದ್ದವರು ನಕ್ಕರು. ಪ್ರತಿ ಭಾನುವಾರವೂ ಮಳೆಯಲ್ಲಿ ಕೊಡೆ ಹಿಡಿದು ಮೈದಾನದ ಅಂಚಿನಲ್ಲಿ ನಿಲ್ಲುವ ಅವಳ ತಂದೆ ಮಾತ್ರ ನಗಲಿಲ್ಲ. ಮಕ್ಕಳ ತಂಡದ ಈ ಸ್ಥಿತಿ ದೊಡ್ಡವರ ತಂಡದಿಂದ ಇಳಿದು ಬಂದದ್ದೆಂದು ಅವರಿಗೆ ಗೊತ್ತಿತ್ತು.

ಕ್ಲಬ್ಬಿನ ಎರಡನೆಯ ತಂಡವನ್ನು ಈ ಋತುವಿನಲ್ಲಿ ಕಣಕ್ಕಿಳಿಸುತ್ತಿಲ್ಲ ಎಂಬ ಚೀಟಿ ಸಭಾಂಗಣದ ಬಾಗಿಲಿನಲ್ಲೇ ಅಂಟಿದೆ; ಕುರ್ಚಿ ಜೋಡಿಸುವ ಗಡಿಬಿಡಿಯಲ್ಲಿ ನಮ್ಮಲ್ಲಿ ಎಷ್ಟು ಜನ ಅದನ್ನು ಓದಿದ್ದೇವೋ ಕಾಣೆ. ಒಂದು ತಂಡಕ್ಕೆ ಮೈದಾನದಲ್ಲಿ 15 ಜನ ಬೇಕು, ಬದಲಿಗಳು ಬೇರೆ. ಅದರಲ್ಲಿಯೂ ಸ್ಕ್ರಮ್ಮಿನ, ಅಂದರೆ ಎರಡೂ ತಂಡದವರು ಬಾಗಿ ಹೆಗಲಿಗೆ ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವ ಗುಂಪಿನ, ಮುಂದಿನ ಸಾಲಿನ ಮೂವರು, ಕುತ್ತಿಗೆಯ ಮೇಲೂ ಬೆನ್ನುಮೂಳೆಯ ಮೇಲೂ ಬೀಳುವ ಭಾರವನ್ನು ತಾಳುವುದಕ್ಕೆ ತರಬೇತಾದವರೇ ಆಗಿರಬೇಕೆಂಬುದು ಆಟದ ಕಟ್ಟಳೆ. ಅವರಲ್ಲೊಬ್ಬ ಗಾಯಗೊಂಡು, ಅವನ ಜಾಗಕ್ಕೆ ತರಬೇತಾದ ಇನ್ನೊಬ್ಬ ಇಲ್ಲದೆ ಹೋದರೆ ರೆಫರಿಯು ತಳ್ಳಾಟವಿಲ್ಲದ ಸ್ಕ್ರಮ್ಮಿಗೆ ಹೇಳುತ್ತಾನೆ: ಎರಡೂ ಕಡೆಯವರು ಬಾಗಿ ಹೆಗಲು ಕೊಟ್ಟು ನಿಲ್ಲುತ್ತಾರೆ, ಯಾರೂ ತಳ್ಳುವುದಿಲ್ಲ, ಚೆಂಡು ಹಾಕಿದವರಿಗೇ ಚೆಂಡು ಸಿಗುತ್ತದೆ. ಕಾಸು ಕೊಟ್ಟು ನೋಡುವವರಿಗೆ ಅದು ನೀರಸ, ಆಡುವವರಿಗೆ ಅವಮಾನ. ಅದನ್ನು ತಪ್ಪಿಸಲು ಶುಕ್ರವಾರ ರಾತ್ರಿ ಹನ್ನೊಂದರವರೆಗೂ ತರಬೇತುದಾರರು ಹಳೆಯ ಆಟಗಾರರಿಗೆ ಫೋನು ಮಾಡುತ್ತಿರುತ್ತಾರೆ; ನಲವತ್ತು ದಾಟಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವರು ಮನೆಯವರ ಬೈಗುಳ ಕೇಳಿಸಿಕೊಂಡು ಶನಿವಾರ ಬಂದು ನಿಲ್ಲುತ್ತಾರೆ.

ಸ್ಕಾಟ್ಲೆಂಡಿನ ಈ ಬಾರ್ಡರ್ಸ್ ಸೀಮೆಯಲ್ಲಿ ರಗ್ಬಿಗೆ ಇಂಥ ದಿನ ಬಂದದ್ದು ಒಂದೇ ಕಾರಣದಿಂದ ಅಲ್ಲ. ಉಣ್ಣೆಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1969ರಲ್ಲಿ ರೈಲು ನಿಂತಿತು, 2015ರಲ್ಲಿ ಒಂದಷ್ಟು ದೂರದವರೆಗೆ ಮಾತ್ರ ಮರಳಿ ಬಂತು. ಬಂದ ರೈಲು ಯುವಕರನ್ನು ಎಡಿನ್‌ಬರಗಿಗೆ ಒಯ್ಯುವುದಕ್ಕೇ ಹೆಚ್ಚು ಅನುಕೂಲವಾಯಿತೆಂದು ಹಳಬರು ದೂರುತ್ತಾರೆ. 1995ರಲ್ಲಿ ರಗ್ಬಿ ಸಂಬಳದ ಆಟವಾದ ಮೇಲೆ ಮೇಲಿನವರ ಲೆಕ್ಕಾಚಾರವೇ ಬೇರೆಯಾಯಿತು. ಈ ಸೀಮೆಗೆಂದು ಕಟ್ಟಿದ್ದ ವೃತ್ತಿಪರ ತಂಡವನ್ನೂ 2007ರಲ್ಲಿ ಮುಚ್ಚಿದರು. ಉಳಿದವು ಊರೂರಿನ ಹವ್ಯಾಸಿ ಕ್ಲಬ್ಬುಗಳು, ಅವುಗಳ ಸೋರುವ ಮಾಡುಗಳು, ಹೊನಲು ಬೆಳಕಿನ ಬಿಲ್ಲುಗಳು.

ಕ್ಲಬ್ಬಿನವರು ಹಣದ ಮಾತನ್ನೇ ಹೆಚ್ಚು ಆಡುತ್ತಾರೆ. ಅಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಣವಿಲ್ಲದ ಕ್ಲಬ್ಬು ಹೇಗೆ ಬದುಕಬಹುದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದೇ ಈ ಸೀಮೆ. ಇಲ್ಲಿಂದ ಕೂಗಳತೆಯ ದೂರದ ಮೆಲ್ರೋಸಿನಲ್ಲಿ 1883ರಲ್ಲಿ ಕ್ಲಬ್ಬಿನ ಖಜಾನೆ ಬರಿದಾದಾಗ, ಮಾಂಸದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ, ಒಂದೇ ದಿನದಲ್ಲಿ ಪಂದ್ಯಾಟ ಮುಗಿಯುವಂತೆ ತಂಡವನ್ನು 7 ಜನಕ್ಕೆ ಇಳಿಸಿ, ಆಟದ ಹೊತ್ತನ್ನೂ ಮೊಟಕುಗೊಳಿಸುವ ಉಪಾಯ ಹೇಳಿದ. ಆ ವರ್ಷ ಏಪ್ರಿಲ್ 28ರಂದು ನಡೆದ ಪಂದ್ಯಾಟದಲ್ಲಿ ಮೆಲ್ರೋಸಿನವರು ಫೈನಲ್ಲಿನಲ್ಲಿ ನೆರೆಯ ಗ್ಯಾಲಾಷೀಲ್ಸಿನವರನ್ನು ಸೋಲಿಸಿದರು. ಖಜಾನೆ ತುಂಬಿಸಲು ಹುಟ್ಟಿದ ಆ ಆಟವೇ 2016ರಲ್ಲಿ ರಿಯೊ ಒಲಿಂಪಿಕ್ಸಿನವರೆಗೆ ಹೋಯಿತು. ಏಳು ಜನ, ಒಂದು ದಿನ, ಕೂಪನ್ನು, ತಿಂಡಿ ಅಂಗಡಿ. ಕಬಡ್ಡಿ ಪಂದ್ಯಾಟ ನೋಡಿ ಬೆಳೆದ ಉಡುಪಿ ಕಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂತೆಕಟ್ಟೆಯಿಂದ ಒಳಗೆ, ಸ್ವರ್ಣಾ ನದಿಯ ಕಡೆಗಿರುವ ನನ್ನ ಊರಿನಲ್ಲಿಯೂ ಒಂದು ಯುವಕ ಮಂಡಲವಿತ್ತು, ಅದಕ್ಕೊಂದು ಕಬಡ್ಡಿ ಪಂದ್ಯಾಟವಿತ್ತು. ಏಣೆಲು, ಅಂದರೆ ಮಳೆಗಾಲದ ಬೆಳೆಯ, ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆ ಕಿತ್ತು, ಹೆಂಟೆ ಒಡೆದು, ನೀರು ಹನಿಸಿ, ದಿಮ್ಮಸು ಹೊಡೆದು, ಜರಡಿ ಹಿಡಿದ ಕೆಂಪು ಮಣ್ಣಿಗೆ ಮರದ ಹುಡಿ ಬೆರೆಸಿ ಹಾಸಿ ಅಂಕಣ ಮಾಡುತ್ತಿದ್ದರು. ಸುತ್ತ ತೆಂಗಿನ ಮಡಲಿನ ತಟ್ಟಿ, ಅಡಿಕೆ ಮರದ ಗ್ಯಾಲರಿ, ಪಕ್ಕದ ಮನೆಯಿಂದ ಎಳೆದ ವಯರಿನಲ್ಲಿ ಟ್ಯೂಬ್‌ಲೈಟುಗಳು. ಇಷ್ಟಕ್ಕೂ ಕಾರ್ಯದರ್ಶಿ ಎಂದರೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯ ದರ್ಜಿ. ಮಂಡಲದ ರಶೀದಿ ಪುಸ್ತಕ ಅವರ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ನೂಲಿನ ಉಂಡೆಗಳ ಕೆಳಗೆ ಇರುತ್ತಿತ್ತು. ಆಟಗಾರರ ಬಿಳಿ ಬನಿಯನ್ನಿನ ಬೆನ್ನಿಗೆ ಕೆಂಪು ಬಟ್ಟೆಯಲ್ಲಿ ಅಂಕಿ ಕತ್ತರಿಸಿ ಹೊಲಿಯುವವರೂ ಅವರೇ. 6 ಮತ್ತು 9ಕ್ಕೆ ಒಂದೇ ಅಚ್ಚು ಸಾಕೆಂದು ಕತ್ತರಿ ಆಡಿಸುತ್ತಲೇ ನಮಗೆ ತೋರಿಸುತ್ತಿದ್ದರು. ಚಂದಾ ಎತ್ತಲು ರಥಬೀದಿಯ ಅಂಗಡಿಗಳಿಗೂ ಮಲ್ಪೆಯ ಬಂದರಿಗೂ ಸೈಕಲ್ಲಿನಲ್ಲಿ ಹೋಗುವವರು, ದೂರದಿಂದ ಬಂದ ತಂಡಗಳಿಗೆ ಶಾಲೆಯ ಜಗಲಿಯಲ್ಲಿ ಗಂಜಿ, ಚಟ್ನಿ, ಉಪ್ಪಿನಕಾಯಿ ಬಡಿಸಿ ನಿಲ್ಲುವವರು, ನಡುರಾತ್ರಿ ಮೈಕಿನಲ್ಲಿ ಸ್ವರ ಕೆಟ್ಟು ಗೊಗ್ಗರಾದ ಮೇಲೂ ಮುಂದಿನ ತಂಡವನ್ನು ಕರೆಯುವವರು, ಎಲ್ಲ ಅವರೊಬ್ಬರೇ. ಅವರು ಆಡಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ, ಒಂದು ಕಾಲು ಅವರಿಗೆ ಸ್ವಾಧೀನದಲ್ಲಿರಲಿಲ್ಲ. ನಮ್ಮ ಜಿಲ್ಲೆಯ ಕಬಡ್ಡಿಯ ಬಗ್ಗೆ ಈಗ ಮಾತು ಬಂದಾಗ ಕಾರ್ಕಳ ತಾಲೂಕಿನ ಹಳ್ಳಿಯಿಂದ ಹೊರಟು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಯವರ ಹೆಸರು ಬರುತ್ತದೆ, ಬರಲೇಬೇಕು. ಆದರೆ ಅಂಥವರ ಆಟಕ್ಕೆ ನೆಲ ಹದಮಾಡಿದ್ದು ಊರೂರಿನಲ್ಲಿದ್ದ ಇಂಥ ಮಂಡಲಗಳು ಎಂಬುದೂ ಅಷ್ಟೇ ನಿಜ.

1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ಮಂಡಲದ ಪತ್ರ ಕಾಗದದ ಮೇಲಿದ್ದ “ದ.ಕ.” ಎಂಬುದನ್ನು ದರ್ಜಿಯವರು ಒಂದೊಂದು ಹಾಳೆಯಲ್ಲೂ ಪೆನ್ನಿನಿಂದ ಹೊಡೆದುಹಾಕಿ “ಉಡುಪಿ” ಎಂದು ತಿದ್ದಿದ್ದರು. ಆ ತಿದ್ದಿದ ಹಾಳೆಗಳು ಖರ್ಚಾಗಲೇ ಇಲ್ಲ. ಹುಡುಗರು ಮುಂಬಯಿಗೆ, ದುಬೈಗೆ, ಬೆಂಗಳೂರಿಗೆ ಹೋದರು. ಹೋದವರು ಹಣ ಕಳಿಸುವುದನ್ನು ಬಿಡಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಚಂದಾ ಮೊದಲಿಗಿಂತ ಹೆಚ್ಚೇ ಬರುತ್ತಿತ್ತು. ಆದರೆ ಕೂಳೆ ಕೀಳುವುದಕ್ಕೆ ಕೈಗಳಿರಲಿಲ್ಲ. ದರ್ಜಿಯವರು ಕಣ್ಣು ಮಂಜಾಗಿ ಮಗಳ ಮನೆ ಸೇರಿದ ಮೇಲೆ ಕಪಾಟಿನ ಕೀಲಿಕೈ ಯಾರ ಬಳಿ ಇರಬೇಕೆಂಬುದೇ ತೀರ್ಮಾನವಾಗಲಿಲ್ಲ. ಮಂಡಲ ಕಟ್ಟಿಸಿಕೊಟ್ಟಿದ್ದ ಬಸ್ ತಂಗುದಾಣ ಹೆದ್ದಾರಿಯ ಚತುಷ್ಪಥದ ಕಾಮಗಾರಿಗೆ ಹೋಯಿತು. ಪಾಸ್‌ಬುಕ್ಕು ಮಾತ್ರ ಉಳಿದಿದೆ, ಸಿಂಡಿಕೇಟ್ ಬ್ಯಾಂಕಿನದು. 1925ರಲ್ಲಿ ನಮ್ಮ ಉಡುಪಿಯಲ್ಲಿಯೇ ಹುಟ್ಟಿದ ಆ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಮಂಡಲದ ಹಣ ತೆಗೆಯುವುದಕ್ಕೆ ಬೇಕಾದ ಎರಡು ಸಹಿಗಳು ಇನ್ನೂ ಕೂಡಿಲ್ಲ.

ಖಾತೆಯಲ್ಲಿ ಹಣವಿರುವಾಗಲೇ ಕ್ಲಬ್ಬು ಸಾಯುವುದು ರಗ್ಬಿಗೂ ಹೊಸತಲ್ಲ, ಅದೂ ನಮ್ಮ ದೇಶದ ನೆಲದಲ್ಲಿಯೇ. 1872ರ ಕ್ರಿಸ್ಮಸ್ಸಿನ ದಿನ ಕಲ್ಕತ್ತೆಯಲ್ಲಿ ಆಡಿದ ಒಂದು ಪಂದ್ಯದಿಂದ ಉತ್ಸಾಹಗೊಂಡ ಬ್ರಿಟಿಷರು ಮರುತಿಂಗಳೇ ಅಲ್ಲಿ ಕ್ಲಬ್ಬು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಆಡುತ್ತಿದ್ದ ಸೈನಿಕರ ಪಡೆ ಬೇರೆಡೆಗೆ ಹೋಯಿತು, ಉಳಿದವರಿಗೆ ಪೋಲೊ ಮತ್ತು ಟೆನಿಸ್ ರುಚಿಸಿದವು, ಕ್ಲಬ್ಬಿನಲ್ಲಿ ಪುಕ್ಕಟೆ ಕೊಡುತ್ತಿದ್ದ ಮದ್ಯವನ್ನು ನಿಲ್ಲಿಸಿದ ಮೇಲಂತೂ ಸದಸ್ಯರು ಕರಗಿಹೋದರು. (ನಮ್ಮ ಕೂಟದ ಮಹಾಸಭೆಗೂ ಊಟಕ್ಕೂ ಇರುವ ನಂಟನ್ನು ಬಲ್ಲವರು ನಗಬಹುದು.) 1878ರಲ್ಲಿ ಕ್ಲಬ್ಬು ಮುಚ್ಚುವಾಗ ಖಾತೆಯಲ್ಲಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ಹಿಡಿಗಳ ಜಾಗದಲ್ಲಿ ನಾಗರಹಾವುಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಬಟ್ಟಲು ಮಾಡಿಸಿ ಲಂಡನ್ನಿಗೆ ಕಳಿಸಿಕೊಟ್ಟರು. 1879ರಿಂದ ಸ್ಕಾಟ್ಲೆಂಡೂ ಇಂಗ್ಲೆಂಡೂ ಸೆಣಸುವುದು ಆ ಕಲ್ಕತ್ತಾ ಕಪ್ಪಿಗಾಗಿ. ಪ್ರತಿ ವರ್ಷ ಅದನ್ನು ಟೀವಿಯಲ್ಲಿ ನೋಡುವಾಗ ನಮ್ಮ ಪಕ್ಕದ ಮನೆಯವರು ನನ್ನ ಹೆಗಲು ತಟ್ಟಿ “ನಿಮ್ಮ ಕಪ್ಪು” ಎನ್ನುತ್ತಾರೆ. ಚೆಂದದ ಬಟ್ಟಲೇ. ಆದರೆ ಕಲ್ಕತ್ತೆಯ ಆ ಕ್ಲಬ್ಬಿನಲ್ಲಿ ಆಡುವವರು ಉಳಿದಿದ್ದರೆ ಅದನ್ನು ಮಾಡಿಸುವ ಅಗತ್ಯವೇ ಬರುತ್ತಿರಲಿಲ್ಲ.

ಆದ್ದರಿಂದ ನಾನು ಸಭಾಂಗಣದ ಬಾಡಿಗೆ ಹೆಚ್ಚಿಸೋಣ ಎಂದಷ್ಟೇ ಹೇಳುತ್ತಿಲ್ಲ, ಅದನ್ನು ಕಾರ್ಯಕಾರಿ ಸಮಿತಿ ಹೇಗೂ ಯೋಚಿಸುತ್ತಿದೆ. ನಮ್ಮ ಕಾರ್ಯಕ್ರಮದ ದಿನ ಬೆಳಿಗ್ಗೆ ಎಂಟಕ್ಕೇ ಬಂದು ಹೀಟರ್ ಹಾಕಿ, ನಾವು ರಂಗೋಲಿ ಬಿಡಿಸುವ ಜಾಗವನ್ನು ಒರೆಸಿಟ್ಟು ಹೋಗುವ ಹಿರಿಯರೇ ಮೈದಾನದ ಗೆರೆ ಎಳೆಯುವವರು, ಪಂದ್ಯ ಮುಗಿದ ಮೇಲೆ ಎದುರಾಳಿ ತಂಡಕ್ಕೆ ಬಿಸಿ ಊಟ ಬಡಿಸುವವರು, ಜೆರ್ಸಿಗಳನ್ನು ಮನೆಗೆ ಒಯ್ದು ಒಗೆಯುವವರು. ಅವರಿಗೆ ಸೊಂಟದ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅವರ ಜಾಗಕ್ಕೆ ಕ್ಲಬ್ಬಿನಲ್ಲಿ ಈವರೆಗೆ ಯಾರೂ ಮುಂದೆ ಬಂದಿಲ್ಲ. ನಾವು ಇಪ್ಪತ್ತೈದು ಮೂವತ್ತು ಮನೆಗಳಿದ್ದೇವೆ, ಬಹುಪಾಲು ಉಡುಪಿ ಮಂಗಳೂರಿನವರು, ನೂರು ಎಲೆ ಹಾಕಿ ಬಡಿಸಿ ಗೊತ್ತಿರುವವರು. ಸ್ಕ್ರಮ್ಮಿಗೆ ಹೆಗಲು ಕೊಡಲು ನಮ್ಮಿಂದಾಗದಿರಬಹುದು. ಶನಿವಾರ ಮೂರು ಗಂಟೆಗೆ ಚಹಾದ ಮೇಜಿನ ಹಿಂದೆ ನಿಲ್ಲಲು ಆಗದೇ? ಆಸ್ಪತ್ರೆಯ ಪಾಳಿ ಎಲ್ಲರಿಗೂ ಇದೆ, ನನಗೂ ಇದೆ. ಈ ಸಾಲುಗಳನ್ನು ರಾತ್ರಿ ಪಾಳಿಯ ಮರುದಿನ ಬರೆಯುತ್ತಿದ್ದೇನೆ.

ನಮ್ಮ ಮನೆಯೊಳಗಿನ ಸುದ್ದಿಯೂ ಇದೇ ಬಗೆಯದು. ನಮ್ಮ ಖಜಾಂಚಿಗಳು ಡಿಸೆಂಬರಿನಲ್ಲಿ ಸಂಸಾರ ಸಮೇತ ಮೆಲ್ಬರ್ನಿಗೆ ಹೊರಡುತ್ತಿದ್ದಾರೆ. ಕೂಟದ ಖಾತೆಗೂ ಎರಡು ಸಹಿ ಬೇಕು, ಒಂದು ಅವರದು. ಜನವರಿಯೊಳಗೆ ಯಾರಾದರೂ ಒಪ್ಪಿಕೊಳ್ಳದಿದ್ದರೆ ಯುಗಾದಿಯ ಸಭಾಂಗಣಕ್ಕೆ ಮುಂಗಡ ಕೊಡುವುದು ಸಾಧ್ಯವಿಲ್ಲ. ಸಂಪಾದಕರ ಕುರ್ಚಿಗೂ ಆಸಕ್ತರಿದ್ದರೆ ಅತ್ಯಂತ ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಇನ್ನು ಸೂಚನೆಗಳು, ಜಾಗ ಮುಗಿಯುತ್ತಿದೆ. ದೀಪಾವಳಿ ಮತ್ತು ರಾಜ್ಯೋತ್ಸವ ಎರಡೂ ನವೆಂಬರ್ ಎರಡನೆಯ ಶನಿವಾರ ಸಂಜೆ ಐದಕ್ಕೆ, ಅದೇ ಸಭಾಂಗಣದಲ್ಲಿ. ಒಳಗೆ ಎಣ್ಣೆಯ ದೀಪ ಹಚ್ಚಿದರೆ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಳ್ಳುವುದರಿಂದ ಬ್ಯಾಟರಿಯ ದೀಪ ತನ್ನಿ. ಪತ್ರೊಡೆಗೆ ಎಲೆ ಸಿಕ್ಕಿದವರು ಮುಂಚಿತವಾಗಿ ತಿಳಿಸಿ. ಗೋಳಿಬಜೆಯನ್ನು ಅಲ್ಲಿಯೇ ಕರಿಯಲು ಕ್ಲಬ್ಬಿನ ಅನುಮತಿ ಸಿಕ್ಕಿದೆ, ಕರಿಯುವವರು ಬೇಕಾಗಿದ್ದಾರೆ. ಮಕ್ಕಳ ಯಕ್ಷಗಾನ ನೃತ್ಯದ ತಾಲೀಮು ಭಾನುವಾರ ಕನ್ನಡ ತರಗತಿಯ ನಂತರ; ಗೆಜ್ಜೆಗಳನ್ನು ಒಯ್ದವರು ಹಿಂದಿರುಗಿಸಿ. ವಾರ್ಷಿಕ ಚಂದಾ ಬಾಕಿ ಇರುವವರ ಹೆಸರನ್ನು ಈ ಬಾರಿ ಅಚ್ಚು ಹಾಕುತ್ತಿಲ್ಲ.

ರಗ್ಬಿ ಕ್ಲಬ್ಬಿನ ಶ್ರಮದಾನ ನಮ್ಮ ದೀಪಾವಳಿ ಕಾರ್ಯಕ್ರಮದ ಹಿಂದಿನ ಶನಿವಾರ ಬೆಳಿಗ್ಗೆ ಒಂಬತ್ತರಿಂದ: ಮಾಡಿನ ಅಂಚಿನ ಮಳೆನೀರಿನ ದೋಣಿ ಶುಚಿ ಮಾಡುವುದು, ಬಟ್ಟೆ ಬದಲಿಸುವ ಕೋಣೆಗೆ ಬಣ್ಣ ಬಳಿಯುವುದು, ಮೈದಾನದ ಅಂಚಿನ ಬೇಲಿ ಕಟ್ಟುವುದು. ನಮ್ಮ ಕೂಟದಿಂದ ಹತ್ತು ಜನ ಬರುತ್ತಾರೆಂದು ನಾನು ಮಾತು ಕೊಟ್ಟಾಗಿದೆ, ಈವರೆಗೆ ಹೆಸರು ಕೊಟ್ಟವರು ನಾಲ್ವರು. ಏಣಿ ಕ್ಲಬ್ಬಿನಲ್ಲಿದೆ, ಬ್ರಷ್ಷು, ಕೈಗವಸು, ಗಂಬೂಟು ನಿಮ್ಮದೇ ತರಬೇಕು. ಮಧ್ಯಾಹ್ನದ ಊಟಕ್ಕೆ ಬಿಸಿಬೇಳೆಬಾತಿನ ವ್ಯವಸ್ಥೆ ಇದೆ, ಹೆಸರನ್ನು ಬುಧವಾರದೊಳಗೆ ಕೊಡಿ.

ಸಂಪಾದಕ