ಚಿನ್ನಿಗೆ ಕಳಿಸಿದ ಆಕ್ಟೋಪಸ್ ಕಾರ್ಡ್

ಒಸಾಕಾ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ "ಒಂದು ರಟ್ಟಿನ ಚೂರಿಗೆ ಇಷ್ಟೊಂದು ಅಲೆದಾಡಿದೆಯಾ" ಅಂತ ನೀನು ಕೇಳಿದೆ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು, ನೀನು ಫೋನ್ ಇಟ್ಟೆ. ಉತ್ತರ ನನ್ನ ಬಾಯಲ್ಲೇ ಉಳಿಯಿತು, ಅದಕ್ಕೇ ಈ ಪತ್ರ. ಚಿನ್ನಿ ಕೇಳಿದ ಆಕ್ಟೋಪಸ್ ಕಾರ್ಡ್ ಕೂಡ ಇದೇ ಲಕೋಟೆಯಲ್ಲಿದೆ. ಎರಡು ದಪ್ಪ ಹಾಳೆಗಳ ನಡುವೆ ಇಟ್ಟು ಅಂಟಿಸಿದ್ದೇನೆ, ಬಿಡಿಸುವಾಗ ಹುಷಾರು.

ಮೊದಲು ಚಿನ್ನಿಗೆ ಒಂದು ಮಾತು ಹೇಳಿಬಿಡು. ಅವಳು ಆಡುವ ಅನಿಮಲ್ ಕ್ರಾಸಿಂಗ್ ಅನ್ನುವ, ದ್ವೀಪದಲ್ಲಿ ಪ್ರಾಣಿಗಳು ನೆರೆಯವರಾಗಿರುವ ವಿಡಿಯೋ ಆಟದಲ್ಲಿ ಆ ಆಕ್ಟೋಪಸ್ ಹೆಸರು ಜುಕರ್, ಆದರೆ ಈ ಕಾರ್ಡ್ ಮೇಲೆ ಜಪಾನಿ ಲಿಪಿಯಲ್ಲಿ ತಾಕೊಯಾ ಅಂತ ಬರೆದಿದೆ. ಮಾಮ ಬೇರೆ ಯಾರನ್ನೋ ಕಳಿಸಿದ್ದಾನೆ ಅಂತ ಅಳುವುದು ಬೇಡ, ಇಬ್ಬರೂ ಒಬ್ಬನೇ. ತಾಕೊಯಾಕಿ ಅಂತ ಈ ಊರಿನ ತಿಂಡಿಯೊಂದಿದೆ. ಹಿಟ್ಟಿನೊಳಗೆ ಆಕ್ಟೋಪಸ್ ಚೂರು ಹಾಕಿ, ನಮ್ಮ ಪಡ್ಡಿನ ಹಂಚಿನಂಥದ್ದೇ ಗುಳಿ ಗುಳಿ ಹಂಚಿನಲ್ಲಿ ತಿರುಗಿಸಿ ತಿರುಗಿಸಿ ಉಂಡೆ ಮಾಡುತ್ತಾರೆ, ಮೇಲೆ ಕಂದು ಸಾಸ್ ಬಳಿಯುತ್ತಾರೆ. ಅವನ ತಲೆ ನೋಡು, ಅದೇ ಉಂಡೆ. ಹೆಸರೂ ಅಲ್ಲಿಂದಲೇ ಬಂದಿದ್ದು. ಜಪಾನಿನಲ್ಲಿ ಕೊಂಡ ಕಾರ್ಡ್ ಅಂತ ಯೋಚನೆ ಬೇಡ, ಆಟದ ಯಂತ್ರಕ್ಕೆ ತಾಗಿಸಿ ಓದಿಸುವ ಈ ಅಮೀಬೋ ಕಾರ್ಡ್ ಯಾವ ದೇಶದ್ದಾದರೂ, ಯಾವ ದೇಶದ ನಿಂಟೆಂಡೊ ಕಂಪನಿಯ ಸ್ವಿಚ್‌ನಲ್ಲಾದರೂ ಓದುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ರಟ್ಟಿನೊಳಗೆ ಮೆಟ್ರೋ ಕಾರ್ಡಿನಲ್ಲಿ ಇರುತ್ತದಲ್ಲ, ಅಂಥದ್ದೇ ಒಂದು ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪು, ಸುತ್ತ ತೆಳ್ಳನೆಯ ತಂತಿ ಸುರುಳಿ ಇದೆ. ಬ್ಯಾಟರಿ ಇಲ್ಲ. ಓದುವ ಯಂತ್ರದ ಹತ್ತಿರ ತಂದಾಗ ಅದು ಬಿಡುವ ರೇಡಿಯೋ ಅಲೆಯಿಂದಲೇ ಚಿಪ್ಪಿಗೆ ಬೇಕಾದಷ್ಟು ಕರೆಂಟ್ ಸಿಗುತ್ತದೆ. ಇಡೀ ಚಿಪ್ಪಿನಲ್ಲಿ ಇರುವ ಜಾಗ ಬರೀ 540 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಕಡಿಮೆ ಅಂದರೂ 3 ಬೈಟ್ ಬೇಕು, ಅಂದರೆ ಈ ಪ್ಯಾರಾ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಹಾಗಿದ್ದರೆ ಆಕ್ಟೋಪಸ್ ಎಲ್ಲಿದ್ದಾನೆ? ಅವನು, ಅವನ ಮನೆ, ಅವನ ಮಾತು ಎಲ್ಲಾ ಚಿನ್ನಿಯ ಆಟದೊಳಗೆ ಮೊದಲಿನಿಂದಲೂ ಇವೆ. ಕಾರ್ಡ್ ಬರೀ "ಇವನನ್ನು ಕರಿ" ಅನ್ನುತ್ತದೆ. ಅದು ಕೀಲಿಕೈ, ಪೆಟ್ಟಿಗೆ ಅಲ್ಲ.

ಕೀಲಿಕೈಗೆ ಮತ್ತೆ ದುಡ್ಡು ಕೊಡಬೇಕಾ ಅಂತ ನೀನು ಕೇಳುತ್ತೀಯ, ನಾನೂ ಕೇಳಿಕೊಂಡೆ. ಈ ಆಟದಲ್ಲಿ ಅದು ಸರಿ ಅಂತ ನನಗೆ ಅನ್ನಿಸುತ್ತದೆ. ಕಾರ್ಡ್ ಇಲ್ಲದಿದ್ದರೂ ಜುಕರ್ ಒಂದು ದಿನ ಅದೃಷ್ಟದ ಮೇಲೆ ಬರಬಹುದು. ಸುಮಾರು 400 ಪ್ರಾಣಿಗಳಲ್ಲಿ ಅವನೇ ಬೇಕು ಅಂದರೆ ಮಾತ್ರ ಕಾರ್ಡ್ ಬೇಕು. ಆದರೆ ಹಲೋ ಕಿಟ್ಟಿ ಮಾಡುವ ಸ್ಯಾನ್ರಿಯೋ ಕಂಪನಿಯ ಹೆಸರಿನ 6 ಕಾರ್ಡುಗಳಿವೆ. ಆ 6 ಪ್ರಾಣಿಗಳು ಆ ಕಾರ್ಡ್ ಇಲ್ಲದೆ ಬರುವುದೇ ಇಲ್ಲ. 2021ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಅವನ್ನು ಒಂದೇ ಅಂಗಡಿ ಸರಣಿಯಲ್ಲಿ ಮಾರಾಟಕ್ಕಿಟ್ಟರು, ಬಂದ ಕೂಡಲೇ ಖಾಲಿ. ಮಕ್ಕಳ ಆಟದಲ್ಲಿ ಹಾಗೆ ಬಾಗಿಲು ಹಾಕಿಡುವುದು ನನಗೆ ಇಷ್ಟ ಆಗುವುದಿಲ್ಲ.

ಅಲೆದಾಡಿದ್ದು ನಿಜ. ಇಲ್ಲಿ ಒಂದು ಪ್ಯಾಕೆಟ್‌ನಲ್ಲಿ 3 ಕಾರ್ಡ್, ಒಳಗೆ ಯಾರಿದ್ದಾರೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. 5 ಪ್ಯಾಕೆಟ್ ಕೊಂಡೆ. 15 ಕಾರ್ಡುಗಳಲ್ಲಿ 3 ಡಬಲ್, ಆಕ್ಟೋಪಸ್ ಇಲ್ಲ. ಆಮೇಲೆ ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ಬಿಡಿ ಕಾರ್ಡ್ ತರಿಸಿದೆ. ನೋಡಲು ಥೇಟ್ ಅದೇ, ಆದರೆ ಕಂಟ್ರೋಲರ್ ಮೇಲೆ ಎಷ್ಟು ಹೊತ್ತು ಇಟ್ಟರೂ ಏನೂ ಆಗಲಿಲ್ಲ. ಚಿಪ್ಪೇ ಇಲ್ಲದ ಬರೀ ಮುದ್ರಣ. ತುಂಬಾ ಬೇಜಾರಾಯಿತು ಅಕ್ಕ, ದುಡ್ಡು ಹೋಯಿತು ಅಂತಲ್ಲ, ಅದನ್ನು ಪರೀಕ್ಷೆ ಮಾಡದೆ ಹಾಗೇ ಚಿನ್ನಿಗೆ ಕಳಿಸಿಬಿಟ್ಟಿದ್ದರೆ ಅವಳು ಎಷ್ಟು ದಿನ ಅದನ್ನು ತಿಕ್ಕುತ್ತಾ ಕೂರುತ್ತಿದ್ದಳೋ ಅಂತ. ಈಗ ಕಳಿಸಿರುವುದನ್ನು ನಿಪ್ಪೊಂಬಾಶಿಯ ಹಳೇ ಆಟದ ಅಂಗಡಿಗಳ ಬೀದಿಯಲ್ಲಿ ಹುಡುಕಿ ತಂದಿದ್ದು. ನನ್ನ ಸ್ವಿಚ್‌ನಲ್ಲಿ ಓದಿಸಿ ನೋಡಿದ್ದೇನೆ. ಎಷ್ಟು ಸಲ ಬಳಸಿದರೂ ಕಾರ್ಡ್ ಸವೆಯುವುದಿಲ್ಲ, ಒಬ್ಬರು ಬಳಸಿದ್ದನ್ನು ಇನ್ನೊಬ್ಬರೂ ಬಳಸಬಹುದು.

ಆ ಬೀದಿಯಲ್ಲೇ ಇನ್ನೊಂದು ಕಂಡೆ, ಅದನ್ನು ನಿನಗೆ ಹೇಳಲೇಬೇಕು. ಗಾಜಿನ ಪೆಟ್ಟಿಗೆಯೊಳಗೆ ಹಳೇ ಕಾರ್ಡುಗಳು, ಅಂಚಿನ ಉದ್ದಕ್ಕೂ ಬೂದಿ ಬಣ್ಣದ ಪಟ್ಟಿ. ದೂರದಿಂದ ಪಟ್ಟಿ, ಹತ್ತಿರದಿಂದ ನೋಡಿದರೆ ರಾಗಿ ಹಿಟ್ಟು ಉದುರಿಸಿದ ಹಾಗೆ ಸಾವಿರಾರು ಚುಕ್ಕಿ. ನಿಂಟೆಂಡೊ 2001ರಲ್ಲಿ ಇಲ್ಲಿ ಕಾರ್ಡ್-ಇ ರೀಡರ್ ಅಂತ ಒಂದು ಯಂತ್ರ ತಂದಿತ್ತು, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ಗೆ ಸಿಕ್ಕಿಸುವಂಥದ್ದು. ಅದರ ಸೀಳಿನಲ್ಲಿ ಕಾರ್ಡನ್ನು ಎಳೆದರೆ ಚುಕ್ಕಿಗಳನ್ನು ಓದುತ್ತಿತ್ತು. ಆ ಚುಕ್ಕಿ ಓದುವ ತಂತ್ರ ಆಗ ಕ್ಯಾಮೆರಾ ಮಾಡುತ್ತಿದ್ದ ಒಲಿಂಪಸ್ ಕಂಪನಿಯದ್ದು. ಒಂದು ಉದ್ದ ಪಟ್ಟಿಯಲ್ಲಿ ಸುಮಾರು 2 ಕಿಲೋಬೈಟ್, ಅಷ್ಟೇ. ಆದರೆ ಅಲ್ಲಿ ಕಾರ್ಡಿನಲ್ಲೇ ಆಟ ಇತ್ತು! ಬಲೂನ್ ಫೈಟ್ ಅನ್ನುವ ಹಳೇ ಆಟವನ್ನು 5 ಕಾರ್ಡುಗಳ 10 ಪಟ್ಟಿಗಳಲ್ಲಿ ಹಂಚಿ ಮುದ್ರಿಸಿದ್ದರು. ಹತ್ತು ಸಲ ಎಳೆದರೆ ಪೂರ್ತಿ ಆಟ. ಒಂದು ಮಾರಿಯೋ ಆಟಕ್ಕೆ ಹೊಸ ಹಂತಗಳನ್ನೂ ಹೀಗೇ ಕಾರ್ಡಿನಲ್ಲಿ ಮಾರಿದರು. ಕಾಗದದ ಮೇಲೆ ಶಾಯಿಯಲ್ಲಿ ಅಚ್ಚಾದ ಆಟ, ಯೋಚನೆ ಮಾಡು. ಆ ಗಾಜಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಇಂದಿನ ಚಿಪ್ಪಿಗಿಂತ ಆ ಚುಕ್ಕಿಗಳ ಮೇಲೆಯೇ ನನಗೆ ಪ್ರೀತಿ ಜಾಸ್ತಿ.

ಕಾರ್ಡ್ ಮಾಡುವುದು ಇವರಿಗೆ ಹೊಸದೇನಲ್ಲ. ನಿಂಟೆಂಡೊ 1889ರಲ್ಲಿ ಕ್ಯೋಟೋದಲ್ಲಿ ಶುರುವಾಗಿದ್ದೇ ಹನಾಫುದಾ ಅನ್ನುವ ಹೂವಿನ ಇಸ್ಪೀಟು ಎಲೆಗಳನ್ನು ಮಾಡಲು. ಪಕ್ಕದ ಉಜಿಯಲ್ಲಿ ಅವರು ಆ ಎಲೆಗಳನ್ನು ತಯಾರಿಸುತ್ತಿದ್ದ ಹಳೇ ಕಾರ್ಖಾನೆಯನ್ನು 2024ರ ಅಕ್ಟೋಬರಿನಲ್ಲಿ ಮ್ಯೂಸಿಯಂ ಮಾಡಿ ತೆರೆದಿದ್ದಾರೆ. ಟಿಕೆಟ್ ಮೊದಲೇ ಚೀಟಿ ಎತ್ತಿ ಕೊಡುತ್ತಾರೆ, ನೀವು ಬಂದಾಗ ಹೋಗೋಣ. ಹನಾಫುದಾದಲ್ಲಿ ತಿಂಗಳಿಗೆ 4ರಂತೆ 12 ತಿಂಗಳಿಗೆ 48 ಎಲೆ. ಚಿನ್ನಿಯ ಆಟಕ್ಕೆ 2021ರ ನವೆಂಬರಿನಲ್ಲಿ ಬಂದ 5ನೇ ಸರಣಿಯಲ್ಲೂ 48 ಕಾರ್ಡ್. ಬೇಕಂತಲೇ ಮಾಡಿದರೋ ಏನೋ, ನನಗಂತೂ ಎಣಿಸಿದಾಗ ಖುಷಿಯಾಯಿತು. ಅದಕ್ಕೆ ಮೊದಲಿನ 4 ಸರಣಿಗಳಲ್ಲಿ ತಲಾ 100 ಇದ್ದವು.

ನೆನಪಿದೆಯಾ ಅಕ್ಕ, ನಾವು ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿದ್ದೆವು. ಒಂದು ನವಿಲಿಗೆ ಎರಡು ಹುಲಿ ಅಂತ ನೀನೇ ದರ ಕಟ್ಟಿದ್ದೆ. ಆ ಹಳೇ ಬಿಸ್ಕತ್ತಿನ ಡಬ್ಬಿ ಅಟ್ಟದಲ್ಲಿ ಇನ್ನೂ ಇದ್ದರೆ ಚಿನ್ನಿಗೆ ತೋರಿಸು. ಅವಳಿಗೆ ನಾಳೆ ಈ 5 ಸರಣಿಗಳ ಎಲ್ಲಾ 448 ಕಾರ್ಡೂ ಬೇಕು ಅನ್ನಿಸಬಹುದು, ಅದು ತಪ್ಪಲ್ಲ, ನಮಗೂ ಅನ್ನಿಸುತ್ತಿತ್ತು. ಆದರೆ ಅವಳು ಒಬ್ಬನ ಹೆಸರು ಹೇಳಿ ಕೇಳಿದ್ದು ನನಗೆ ಇಷ್ಟವಾಯಿತು. ಅದಕ್ಕೇ ಒಂದೇ ಕಳಿಸಿದ್ದೇನೆ, ಆ 15 ಇಲ್ಲೇ ಇವೆ.

ಬಳಸುವುದು ಹೀಗೆ. ಅವಳ ದ್ವೀಪದಲ್ಲಿ ಕ್ಯಾಂಪ್‌ಸೈಟ್, ಅಂದರೆ ಅತಿಥಿಗಳ ಡೇರೆಯ ಜಾಗ, ಕಟ್ಟಿರಬೇಕು. ರೆಸಿಡೆಂಟ್ ಸರ್ವೀಸಸ್ ಕಟ್ಟಡದೊಳಗಿನ ನೂಕ್ ಸ್ಟಾಪ್ ಯಂತ್ರದಲ್ಲಿ ಅತಿಥಿಯನ್ನು ಕರೆಯುವ ಆಯ್ಕೆ ಇದೆ. ಅದನ್ನು ಒತ್ತಿ ಕಾರ್ಡನ್ನು ಬಲಗಡೆಯ ಕಂಟ್ರೋಲರ್ ಆದ ಜಾಯ್-ಕಾನ್‌ನ ಸ್ಟಿಕ್ ಮೇಲೆ ಇಡಬೇಕು. ಎಡಗಡೆಯದ್ದು ಓದುವುದಿಲ್ಲ, ಅಲ್ಲಿಟ್ಟು ಕೆಟ್ಟಿದೆ ಅಂದುಕೊಳ್ಳಬೇಡಿ. ಜುಕರ್ ಡೇರೆಗೆ ಬರುತ್ತಾನೆ, ಏನಾದರೂ ಮಾಡಿಕೊಡು ಅನ್ನುತ್ತಾನೆ, ಮಾಡಿಕೊಡಲಿ. ಅವತ್ತೇ ಅಲ್ಲೇ ಉಳಿಯುವುದಿಲ್ಲ. ಹೀಗೆ 3 ದಿನ ಕರೆಯಬೇಕು. ಮೂರನೇ ಸಲಕ್ಕೆ ಇಲ್ಲೇ ಇರು ಅಂತ ಕೇಳಬಹುದು.

ಇನ್ನೊಂದು ವಿಷಯ, ಇದನ್ನು ನೀನೇ ಮೊದಲು ಹೇಳಿಡು. ದ್ವೀಪದಲ್ಲಿ 10 ಪ್ರಾಣಿಗಳಿಗೆ ಮಾತ್ರ ಜಾಗ. ಅವಳಲ್ಲಿ ಆಗಲೇ 10 ಇದ್ದರೆ ಯಾರಾದರೊಬ್ಬರು ಮನೆ ಖಾಲಿ ಮಾಡಬೇಕು, ಯಾರು ಅಂತ ಅವಳೇ ಆರಿಸಬೇಕು. ಆ ಪ್ರಶ್ನೆ ಒಮ್ಮೆಲೇ ಪರದೆ ಮೇಲೆ ಬಂದರೆ ಅವಳಿಗೆ ಕಷ್ಟವಾಗುತ್ತದೆ, ಒಬ್ಬೊಬ್ಬರ ಹುಟ್ಟುಹಬ್ಬವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿರುವ ಹುಡುಗಿ ಅವಳು. 3 ದಿನ ಇದೆಯಲ್ಲ, ನಿಧಾನವಾಗಿ ಯೋಚನೆ ಮಾಡಲಿ, ಬೇಡ ಅನ್ನಿಸಿದರೆ ಜುಕರ್ ಸುಮ್ನೆ ಡೇರೆಗೆ ಬಂದು ಹೋಗುವ ನೆಂಟನಾಗಿಯೇ ಇರಲಿ. ಕಾರ್ಡ್ ಅವಳ ಹತ್ತಿರ ಇರುವ ತನಕ ಅವನನ್ನು ಯಾವಾಗ ಬೇಕಾದರೂ ಕರೆಯಬಹುದು.

ಮೂರನೇ ದಿನ ಏನು ಮಾಡಿದಳು ಅಂತ ಅವಳ ಕೈಯಲ್ಲೇ ನಾಲ್ಕು ಸಾಲು ಬರೆಸು. ಭಾವನವರಿಗೆ ನಮಸ್ಕಾರ. ಅಮ್ಮನ ಮಂಡಿ ನೋವು ಹೇಗಿದೆ, ಅದನ್ನೂ ಬರಿ.

ಇಂತಿ ನಿನ್ನ ಪ್ರೀತಿಯ
ತಮ್ಮ