ನಗರದ ಗೋಡೆಯ ಮೇಲೆ ಯಾರ ಹೆಸರಿರಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಹಿಪ್‌ಹಾಪ್ ಕುರಿತ ಲೇಖನವು ರ‍್ಯಾಪ್, ಡಿಜೆ ಮತ್ತು ಬ್ರೇಕ್ ಡಾನ್ಸ್‌ಗಳನ್ನು ವಿವರವಾಗಿ ಪರಿಚಯಿಸಿ, ಗೋಡೆ, ರೈಲುಗಳ ಮೇಲೆ ಬಣ್ಣದಲ್ಲಿ ಬರೆಯುವ ಗ್ರಾಫಿಟಿಯನ್ನು ಮಾತ್ರ ಗೋಡೆ ಅಂದಗೆಡಿಸುವ ಹುಡುಗಾಟವೆಂದು ಒಂದೇ ಸಾಲಿನಲ್ಲಿ ಮುಗಿಸಿದೆ. ಈ ಮಾತಿಗೆ ನನ್ನ ಆಕ್ಷೇಪವಿದೆ.

1970ರ ದಶಕದ ನ್ಯೂಯಾರ್ಕ್ ನಗರವನ್ನು ಬಿಟ್ಟು ಗ್ರಾಫಿಟಿಯ ಬಗ್ಗೆ ಮಾತನಾಡಲಾಗದು. ನಗರದ ಬ್ರಾಂಕ್ಸ್ ಭಾಗದಲ್ಲಿ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಗಾಗಿ ಬಡಾವಣೆಗಳನ್ನು ಸೀಳಲಾಗಿತ್ತು. ವಿಮೆಯ ಹಣದಾಸೆಗೆ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಇಡಿಸಿದ ಪ್ರಕರಣಗಳಿದ್ದವು. 1975ರಲ್ಲಿ ನಗರಾಡಳಿತವೇ ದಿವಾಳಿಯ ಅಂಚಿಗೆ ಬಂದಿತ್ತು. ಆದರೆ ಗೋಡೆಬರಹ ಹಿಪ್‌ಹಾಪ್‌ಗಿಂತ ಸ್ವಲ್ಪ ಹಿರಿಯದು ಎಂಬುದನ್ನೂ ಹೇಳಬೇಕು. 183ನೇ ಬೀದಿಯಲ್ಲಿ ವಾಸವಿದ್ದ ಗ್ರೀಕ್ ಮೂಲದ ಹುಡುಗನೊಬ್ಬ ಊರೆಲ್ಲ ಓಡಾಡುವ ಮೆಸೆಂಜರ್ ಕೆಲಸದ ನಡುವೆ ಕಂಡಕಂಡಲ್ಲಿ ‘ಟಾಕಿ 183’ ಎಂದು ಬರೆಯುತ್ತಿದ್ದುದು 1971ರ ಜುಲೈನಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿಯಾಗಿತ್ತು. ಡಿಜೆ ಕೂಲ್ ಹರ್ಕ್ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್‌ನ ಹುಟ್ಟೆಂದು ಎಣಿಸಲಾಗುವ ತನ್ನ ಪ್ರಸಿದ್ಧ ಪಾರ್ಟಿ ನಡೆಸಿದ್ದು ಅದಾಗಿ ಎರಡು ವರ್ಷಗಳ ನಂತರ, 1973ರ ಆಗಸ್ಟ್‌ನಲ್ಲಿ. ಅದೇ ಕೇರಿಗಳ ಅದೇ ವಯಸ್ಸಿನವರು ಹಾಡು, ಕುಣಿತ, ಬಣ್ಣ ಮೂರರಲ್ಲೂ ಇದ್ದುದರಿಂದ ಇವೆಲ್ಲ ಕ್ರಮೇಣ ಒಂದೇ ಸಂಸ್ಕೃತಿಯಾದವು.

ತಮ್ಮನ್ನು ‘ರೈಟರ್’ ಎಂದೇ ಕರೆದುಕೊಳ್ಳುತ್ತಿದ್ದ ಈ ಹುಡುಗ ಹುಡುಗಿಯರು ಬಹುಮಟ್ಟಿಗೆ ಬರೆದದ್ದು ಘೋಷಣೆಗಳನ್ನಲ್ಲ, ತಾವೇ ಇಟ್ಟುಕೊಂಡ ಹೆಸರುಗಳನ್ನು. ಪ್ರತಿಭಟನೆ ಇರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಯಾರ ಲೆಕ್ಕಕ್ಕೂ ಸಿಗದ ಬಡಾವಣೆಯ ಹುಡುಗನ ಹೆಸರು ರಾತ್ರಿ ಯಾರ್ಡ್‌ನಲ್ಲಿ ನಿಂತ ರೈಲಿನ ಮೈಮೇಲೆ ಮೂಡಿ, ಬೆಳಗಾದರೆ ಬ್ರಾಂಕ್ಸ್‌ನಿಂದ ಬ್ರೂಕ್ಲಿನ್‌ವರೆಗೆ ಓಡುತ್ತಿತ್ತು. ಫೇಸ್ 2 ಎಂಬ ರೈಟರ್ ಗುಳ್ಳೆಯಂತೆ ಉಬ್ಬಿದ ಅಕ್ಷರಗಳನ್ನು ರೂಪಿಸಿದ. ಲೀ ಕಿನ್ಯೋನೆಸ್ ಮತ್ತು ಸಂಗಡಿಗರು ಹತ್ತು ಬೋಗಿಗಳ ಇಡೀ ರೈಲಿಗೆ ಬಣ್ಣ ಬಳಿದರು. ಈಕ್ವೆಡಾರ್‌ನಲ್ಲಿ ಹುಟ್ಟಿದ ಲೇಡಿ ಪಿಂಕ್ ಗಂಡಸರೇ ತುಂಬಿದ್ದ ಆ ಲೋಕದಲ್ಲಿ ಹೆಸರು ಗಳಿಸಿದಳು.

ಪ್ರಯಾಣಿಕರ ದೂರು ಸುಳ್ಳಾಗಿರಲಿಲ್ಲ. ಕಿಟಕಿಗೂ ಮಾರ್ಗದ ನಕ್ಷೆಗೂ ಬಣ್ಣ ಮೆತ್ತಿದ ಬೋಗಿಯಲ್ಲಿ ಇಳಿಯುವ ನಿಲ್ದಾಣವೇ ಕಾಣದಿದ್ದರೆ ಸಿಟ್ಟು ಬರುವುದು ಸಹಜ. ಆದರೆ ನಗರಾಡಳಿತದ ಉತ್ತರ ಎಲ್ಲಿಯವರೆಗೆ ಹೋಯಿತು ನೋಡಿ. ಮೇಯರ್ ಎಡ್ ಕಾಚ್ ಕಾಲದಲ್ಲಿ ಯಾರ್ಡ್‌ಗಳಿಗೆ ಮುಳ್ಳುತಂತಿಯ ಜೋಡಿಬೇಲಿ ಹಾಕಿ, ನಡುವೆ ಕಾವಲು ನಾಯಿಗಳನ್ನು ಬಿಡಲಾಯಿತು. 1983ರ ಸೆಪ್ಟೆಂಬರ್‌ನಲ್ಲಿ, ಸುರಂಗ ರೈಲು ನಿಲ್ದಾಣದ ಗೋಡೆಯಲ್ಲಿ ಬರೆದನೆಂಬ ಆರೋಪದ ಮೇಲೆ ಬಂಧಿತನಾದ ಕಪ್ಪು ಯುವಕ ಮೈಕೆಲ್ ಸ್ಟುವರ್ಟ್ ಪೊಲೀಸರ ವಶದಲ್ಲಿ ಪ್ರಜ್ಞೆ ತಪ್ಪಿ, ಎರಡು ವಾರದೊಳಗೆ ಆಸ್ಪತ್ರೆಯಲ್ಲಿ ಸತ್ತ. 1985ರಲ್ಲಿ ಆರೋಪಿ ಪೊಲೀಸರೆಲ್ಲರೂ ಖುಲಾಸೆಯಾದರು. ತೀರ್ಪು ನೀಡಿದ ಜ್ಯೂರಿಯಲ್ಲಿ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. 1989ರ ಮೇ ತಿಂಗಳಲ್ಲಿ ರೈಲುಗಳು ಗ್ರಾಫಿಟಿಮುಕ್ತವೆಂದು ಘೋಷಣೆಯಾಯಿತು. ಬೋಗಿಗಳೊಳಗಿನ ಜಾಹೀರಾತುಗಳು ಮಾತ್ರ ಹಾಗೆಯೇ ಉಳಿದವು, ಏಕೆಂದರೆ ಅವು ಬಾಡಿಗೆ ಕೊಡುತ್ತಿದ್ದವು.

ಕ್ವೀನ್ಸ್‌ನ ‘ಫೈವ್ ಪಾಯಿಂಟ್ಸ್’ ಎಂಬ ಕಟ್ಟಡದ ಪ್ರಕರಣ ಇನ್ನೂ ವಿಚಿತ್ರ. ಕಟ್ಟಡದ ಮಾಲೀಕನೇ ಅನುಮತಿ ಕೊಟ್ಟು ವರ್ಷಗಟ್ಟಲೆ ಬರೆಸಿದ್ದ ಗೋಡೆಗಳಿಗೆ 2013ರ ನವೆಂಬರ್‌ನಲ್ಲಿ ಆತನೇ ರಾತ್ರೋರಾತ್ರಿ ಬಿಳಿ ಬಣ್ಣ ಹೊಡೆಸಿದ. 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಇದನ್ನು ಗೆಲುವೆಂದು ಸಂಭ್ರಮಿಸುವವರು, ಆ ರಕ್ಷಣೆ ಸಿಕ್ಕಿದ್ದು ಒಪ್ಪಿಗೆ ಪಡೆದು ಬರೆದವರಿಗೆ ಎಂಬುದನ್ನು ಗಮನಿಸಬೇಕು. ಯಾರ್ಡ್‌ಗೆ ಕದ್ದು ನುಗ್ಗಿದ ಹುಡುಗನಿಗೆ ಅದರಲ್ಲಿ ಪಾಲಿಲ್ಲ.

ಅನುಮತಿಯ ಈ ಪ್ರಶ್ನೆ ನಮಗೂ ಸೇರಿದ್ದು. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಹಾಗಿದ್ದೂ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್‌ಗಳಲ್ಲಿ ನಾಯಕರ ಹೆಸರು, ಅದರ ಕೆಳಗೆ ಇಪ್ಪತ್ತು ಬೆಂಬಲಿಗರ ಮುಖಗಳು ವೃತ್ತವೃತ್ತದಲ್ಲೂ ರಾರಾಜಿಸುತ್ತವೆ. ಇದನ್ನು ಹುಡುಗಾಟವೆಂದು ಯಾರೂ ಕರೆಯುವುದಿಲ್ಲ.

ಪಾಲಿಕೆ ಹಣ ಕೊಟ್ಟು ಬರೆಸುವ ಭಿತ್ತಿಚಿತ್ರಗಳನ್ನು ನಿಮ್ಮ ವರದಿಗಳು ‘ಗ್ರಾಫಿಟಿ’ ಎಂದು ಮೆಚ್ಚಿಕೊಳ್ಳುವುದು, ಒಪ್ಪಿಗೆಯಿಲ್ಲದೆ ಬರೆದದ್ದನ್ನು ಕೇವಲ ಕಿಡಿಗೇಡಿತನವೆನ್ನುವುದು ಎರಡೂ ನಿಲ್ಲಲಿ. ಹಿಪ್‌ಹಾಪ್ ಬಗ್ಗೆ ಮುಂದೆ ಬರೆಸುವಾಗ ಗ್ರಾಫಿಟಿಗೂ ಒಂದು ಪೂರ್ಣ ಲೇಖನದ ಜಾಗ ಕೊಡಬೇಕೆಂದು ವಿನಂತಿ.

ಇಂತಿ,
ಒಬ್ಬ ಓದುಗ, ಬೆಂಗಳೂರು